ಭಗಂದರ ಘಟಕದಲ್ಲಿ ಇನ್ನು ‘ಕೂತ್ಕೊಳ್ಳಿ’ ಎನ್ನುವಂತಿಲ್ಲ

ಭಗಂದರ ಚಿಕಿತ್ಸಾ ಸಂಶೋಧನಾ ಘಟಕ
ಆಡಳಿತ ಶಾಖೆ, ತಿಪಟೂರು

ಸಂಖ್ಯೆ: ಭಚಿಸಂ/ಆಸನ/ಸುತ್ತೋಲೆ-07/2025-26
ದಿನಾಂಕ: 19-01-2026

ವಿಷಯ: ಘಟಕಕ್ಕೆ ಬರುವವರಿಗೆ ‘ಕೂತ್ಕೊಳ್ಳಿ’ ಎಂದು ಹೇಳುವುದನ್ನು ನಿಲ್ಲಿಸುವ ಬಗ್ಗೆ, ಹಾಗೂ ಕುರ್ಚಿ, ಚೀಲ, ನಗು ಮತ್ತು ಬೀಗಿತ್ತಿಯರ ಬಗ್ಗೆ.

ಉಲ್ಲೇಖ:
(1) ಎಲ್ಲ ಹೊರರೋಗಿ ವಿಭಾಗಗಳಿಗೂ ಅನ್ವಯಿಸುವ ‘ಕುಳಿತವರಿಗೆ ಮೊದಲು’ ಎಂಬ ಸಾಮಾನ್ಯ ನಿಯಮ.
(2) ಅಟೆಂಡರ್ ಶ್ರೀ ಕಾಟಪ್ಪ ಅವರ ಮೌಖಿಕ ಹೇಳಿಕೆ.
(3) ಕಳೆದ ಆಷಾಢದಲ್ಲಿ ನಿರೀಕ್ಷಣಾ ಕೊಠಡಿಯಿಂದ ಹೊರಟು, ಮೇಲಿನ ಮಹಡಿಯವರೂ ಇಳಿದು ಬರುವಂತೆ ಮಾಡಿದ ನಗು.

ಘಟಕದ ಸಿಬ್ಬಂದಿಗೆ, ರೋಗಿಗಳಿಗೆ, ರೋಗಿಗಳ ಜೊತೆ ಬರುವವರಿಗೆ ಮತ್ತು ತಾವು ರೋಗಿಗಳೇ ಅಲ್ಲವೆಂದು ಹೇಳಿಕೊಂಡು ಬರುವವರಿಗೆ ತಿಳಿಯಪಡಿಸುವುದೇನೆಂದರೆ:

1. ಭಗಂದರವೆಂದರೆ ಗುದದ್ವಾರದ ಪಕ್ಕದಲ್ಲಿ ಕೀವುಗಟ್ಟಿ, ಒಡೆದು, ಒಳಗಿನಿಂದ ಹೊರಚರ್ಮದವರೆಗೆ ಸಣ್ಣ ಸುರಂಗದಂತೆ ದಾರಿ ಮಾಡಿಕೊಳ್ಳುವ ಕಾಯಿಲೆ. ಫಿಸ್ಟುಲಾ ಎಂದರೂ ಇದೇ. ಜನ ಇದನ್ನು ಮೂಲವ್ಯಾಧಿ ಎಂದುಕೊಳ್ಳುತ್ತಾರೆ, ಯಾರಿಗೂ ಹೇಳುವುದಿಲ್ಲ, ಮತ್ತು ಕೂರುವುದಿಲ್ಲ. ಈ ಘಟಕದಲ್ಲಿ ಇದರ ಎರಡು ಚಿಕಿತ್ಸೆಗಳನ್ನು ಹೋಲಿಸಿ ನೋಡಲಾಗುತ್ತಿದೆ. ಮೊದಲನೆಯದು ಕ್ಷಾರಸೂತ್ರ. ಉತ್ತರಾಣಿಯ ಕ್ಷಾರ, ಕಳ್ಳಿ ಹಾಲು, ಅರಿಶಿನ ಲೇಪಿಸಿದ ದಾರವನ್ನು ಆ ಸುರಂಗದಲ್ಲಿ ಹಾಯಿಸಿ ಕಟ್ಟಿ, ವಾರಕ್ಕೊಮ್ಮೆ ಬದಲಿಸುತ್ತಾರೆ. ದಾರ ನಿಧಾನವಾಗಿ ಕೊಯ್ಯುತ್ತ ಹೋದಂತೆ ಹಿಂದಿನಿಂದ ಗಾಯ ಮಾಯುತ್ತ ಬರುತ್ತದೆ. ಎರಡನೆಯದು ಶಸ್ತ್ರಚಿಕಿತ್ಸೆ. ಒಪ್ಪಿ ಸೇರಿದವರಿಗೆ ಯಾವುದು ಎಂಬುದನ್ನು ತೀರ್ಮಾನಿಸುವವರು ಡಾಕ್ಟರಲ್ಲ, ರೋಗಿಯೂ ಅಲ್ಲ, ಕಂಪ್ಯೂಟರು.

2. ಉಲ್ಲೇಖ (1)ರ ನಿಯಮದಂತೆ, ಬಂದವರು ಕುರ್ಚಿಯಲ್ಲಿ ಕೂರತಕ್ಕದ್ದು. ಕುರ್ಚಿಯ ಸಂಖ್ಯೆಯೇ ಅವರ ಸರದಿ ಸಂಖ್ಯೆ. ಕುರ್ಚಿಯಲ್ಲಿ ಕಾಣದವರನ್ನು ಬಂದೇ ಇಲ್ಲವೆಂದು ಪರಿಗಣಿಸತಕ್ಕದ್ದು. ಕೆಮ್ಮು, ಜ್ವರ, ಹಲ್ಲುನೋವಿನ ವಿಭಾಗಗಳಲ್ಲಿ ಈ ನಿಯಮ ಚೆನ್ನಾಗಿಯೇ ನಡೆದಿರುತ್ತದೆ. ಇಲ್ಲಿ ಮಾತ್ರ ಶ್ರೀ ಕಾಟಪ್ಪ ಬೆಳಿಗ್ಗೆಯಿಂದ “ಕುರ್ಚಿ ನಂಬರ್ ಒಂದು, ಯಾರ್ರಪ್ಪ? ಎರಡು, ಯಾರ್ರವ್ವ?” ಎಂದು ಕೂಗುತ್ತಿದ್ದರು, ಕುರ್ಚಿಗಳೆಲ್ಲ ಖಾಲಿಯಿರುತ್ತಿದ್ದವು, ಗೋಡೆಗೆ ಒರಗಿಕೊಂಡು ಜನ ಸಾಲಾಗಿ ನಿಂತಿರುತ್ತಿದ್ದರು. “ಯಾರೂ ಬಂದಿಲ್ಲ ಸಾ” ಎಂದು ಅವರು ಒಳಗೆ ವರದಿ ಒಪ್ಪಿಸುತ್ತಿದ್ದರು. ಸಂಶೋಧನೆಯ ಮುಖ್ಯಸ್ಥರಾದ ಡಾ. ಜ್ಞಾನೇಶ್ ಅವರು ಈ ಸೀಮೆಯಲ್ಲಿ ಕಾಯಿಲೆಯ ಬಗ್ಗೆ ತಿಳಿವಳಿಕೆ ಸಾಲದೆಂದು ಬೇಸರಪಟ್ಟು, ರೋಗಿಗಳನ್ನು ಹುಡುಕಿಕೊಂಡು ಹಂದನಕೆರೆಗೆ ಜೀಪು ಹತ್ತಲು ಹೊರಟಾಗ, ಅದೇ ಗೋಡೆಯ ಪಕ್ಕ ನಿಂತಿದ್ದವರಿಗೆ “ಸ್ವಲ್ಪ ದಾರಿ ಬಿಡ್ರಪ್ಪ” ಎಂದು ಹೇಳಿಕೊಂಡು ಹೋಗಿರುವುದು ಗಮನಕ್ಕೆ ಬಂದಿರುತ್ತದೆ.

3. ಈ ಸ್ಥಿತಿಯನ್ನು ಬದಲಿಸಿದವರು ತಿಪಟೂರಿನ ಕೊಬ್ಬರಿ ವ್ಯಾಪಾರಿ ಶ್ರೀ ಶಂಭುಲಿಂಗಯ್ಯನವರ ಪತ್ನಿ ಶ್ರೀಮತಿ ಗಿರಿಜಾಂಬಿಕಾ. ಅವರಿಗೆ ಮೂರು ವರ್ಷದಿಂದ ಈ ಕಾಯಿಲೆ ಇತ್ತು. ಗಂಡನಿಗೂ ಹೇಳಿರಲಿಲ್ಲ. ಎಲ್ಲರಿಗೂ ಬಡಿಸಿ, ಆಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ಉಣ್ಣುತ್ತಿದ್ದರು. ಗಂಡನ ಸ್ಕೂಟರಿಗೆ ಹತ್ತುತ್ತಿರಲಿಲ್ಲ. ನಡೆದರೆ ಸಕ್ಕರೆ ಕಾಯಿಲೆ ಹತ್ತಿರ ಬರಲ್ಲ ಎಂದು ಹೇಳಿ ನಡೆದುಬಿಡುತ್ತಿದ್ದರು. ಪೂಜೆಯೂ ನಿಂತೇ. ಅವರದು ಬಹಳ ಭಕ್ತಿಯೆಂದು ಓಣಿಯಲ್ಲಿ ಹೆಸರಾಗಿತ್ತು.

ಕಳೆದ ಬೇಸಿಗೆಯಲ್ಲಿ, ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ ಈ ಘಟಕಕ್ಕೆ ಬಂದರು. ಗೋಡೆ ಹಿಡಿದು ನಿಂತು ಸಾಕಾದ ಮೇಲೆ, ತಮ್ಮ ವೈರ್ ಬ್ಯಾಗನ್ನು ಹನ್ನೊಂದನೆಯ ಕುರ್ಚಿಯ ಮೇಲೆ ಇಟ್ಟರು. “ಕುರ್ಚಿ ನಂಬರ್ ಹನ್ನೊಂದು” ಎಂದ ಶ್ರೀ ಕಾಟಪ್ಪ ಚೀಲವನ್ನು ಕಂಡು ಸ್ವಲ್ಪ ಹೊತ್ತು ಯೋಚಿಸಿ, “ಇದು ಯಾರ್ದು?” ಎಂದರು.

“ನಂದು.”

“ಹಂಗಾದ್ರೆ ಬನ್ನಿ ಒಳಕ್ಕೆ.”

ಮುಂದಿನ ವಾರಕ್ಕೆ ಕುರ್ಚಿಗಳ ತುಂಬ ಚೀಲಗಳು ಕೂತಿದ್ದವು. ಸಂಶೋಧನೆಗೆ ಜನ ಸೇರತೊಡಗಿದರು. ಇದು ಹಂದನಕೆರೆ ಪ್ರವಾಸದ ಫಲವೆಂದು ಡಾ. ಜ್ಞಾನೇಶ್ ಅವರು ವರದಿಯಲ್ಲಿ ಬರೆದರು.

ಶ್ರೀಮತಿ ಗಿರಿಜಾಂಬಿಕಾ ಅವರಿಗೆ ಕಂಪ್ಯೂಟರು ಕ್ಷಾರಸೂತ್ರವನ್ನು ನೀಡಿತು. ದಾರವನ್ನು ವಾರವಾರ ಬದಲಿಸಬೇಕಾದ್ದರಿಂದ ಅವರು ವಾರವಾರ ಕಣ್ಣು ತೋರಿಸಲು ಬರಬೇಕಾಯಿತು. ಮನೆಯವರು ಗಾಬರಿಯಾದರು. ಮಗ ಭುವನ್ ಮನೆಯ ಬಲ್ಬುಗಳನ್ನೆಲ್ಲ ಬದಲಿಸಿದರು. ಶಂಭುಲಿಂಗಯ್ಯನವರು ದಿನವೂ ಕ್ಯಾರೆಟ್ ತರತೊಡಗಿದರು.

4. ಇಲ್ಲಿ ಹಿಂದಿನ ಒಂದು ಸಂಗತಿಯನ್ನು ದಾಖಲಿಸುವುದು ಅಗತ್ಯವಾಗಿದೆ. ಅದಕ್ಕೂ ಮೊದಲಿನ ಕಾರ್ತೀಕದಲ್ಲಿ, ತೆಂಗಿನಕಾಯಿ ಪುಡಿಯ ಘಟಕ ನಡೆಸುವ ಈ ಭುವನ್‌ಗೆ ಹೆಣ್ಣು ನೋಡಲು ಗಿರಿಜಾಂಬಿಕಾ ದಂಪತಿ ದಂಡಿನಶಿವರಕ್ಕೆ ಹೋಗಿದ್ದರು. ಹುಡುಗಿ ಮಧುಶ್ರೀ, ತುರುವೇಕೆರೆಯಲ್ಲಿ ಶಾಲಾ ಶಿಕ್ಷಕಿ. ಆಕೆಯ ತಾಯಿ ಶ್ರೀಮತಿ ಗಂಗಲಕ್ಷ್ಮಿ. ತೋಟದಲ್ಲಿ ಎಳನೀರು ಕುಡಿಯುತ್ತ ಮಾತಾಡಿಕೊಂಡು ಬಂದ ಹುಡುಗ ಹುಡುಗಿ ಇಬ್ಬರ ಮುಖದಲ್ಲೂ ಒಪ್ಪಿಗೆ ಕಾಣುತ್ತಿತ್ತು.

ಆದರೆ ಹುಡುಗನ ತಾಯಿ ಕೂರಲಿಲ್ಲ. ಗಂಗಲಕ್ಷ್ಮಿಯವರು ಮೊದಲು ಹೊಸ ಜಮಖಾನ ಹಾಸಿದರು. “ಇರ್ಲಿ ಬುಡಿ, ನಿಂತ್ಕತೀನಿ” ಎಂಬ ಉತ್ತರ ಬಂತು. ಕುರ್ಚಿ ತಂದರು. ಅದೇ ಉತ್ತರ. ಕೊನೆಗೆ ಪಕ್ಕದ ಮನೆಯಿಂದ ಮೆತ್ತನೆಯ ಸೋಫಾವನ್ನು ಹೊರಿಸಿಕೊಂಡು ಬಂದರು. ಗಿರಿಜಾಂಬಿಕಾ ಅವರು ಆ ಸೋಫಾವನ್ನೇ ನೋಡುತ್ತ ಉಪ್ಪಿಟ್ಟನ್ನು ನಿಂತು ತಿಂದು, ಕಾಫಿಯನ್ನು ನಿಂತು ಕುಡಿದು, ಹೊರಟುಬಿಟ್ಟರು.

“ನಮ್ಮನೆ ಕುರ್ಚಿ ಆಯಮ್ಮನ ಸೀರೆಗೆ ಅಂಟ್ಕಂಬುಡ್ತದಾ?” ಎಂದು ಗಂಗಲಕ್ಷ್ಮಿಯವರು ಗಂಡನ ಮುಂದೆ ಕಣ್ಣೀರು ಹಾಕಿದರು. ಇತ್ತ ಗಿರಿಜಾಂಬಿಕಾ ಅವರು, “ಆಯಮ್ಮ ಒಂದ್ ಗಳಿಗೆ ಪಕ್ಕಕ್ಕೆ ಬಂದು ಕೂತು ಮಾತಾಡ್ಲಿಲ್ಲ ಕಣ್ರೀ, ಬರೀ ಒಳಗೂ ಹೊರಗೂ ಓಡಾಡಿದ್ಳು” ಎಂದರು. ಮನೆಯೊಡತಿ ಕೂತರೋ ಇಲ್ಲವೋ ಎಂದು ಬೇರೆ ಯಾರೂ ನೋಡಿರಲಿಲ್ಲ. ಜಾತಕ ಕೂಡಲಿಲ್ಲವೆಂದು ಎರಡೂ ಕಡೆಯಿಂದ ಹೇಳಿ ಕಳಿಸಲಾಯಿತು. ಭುವನ್ ಆಮೇಲೆ ಯಾವ ಹೆಣ್ಣನ್ನೂ ನೋಡಲು ಹೋಗಲಿಲ್ಲ. ಮಧುಶ್ರೀ, ಗಂಡಿನ ಕಡೆಯವರು ನೋಡಲು ಬರುವ ದಿನಗಳಲ್ಲೆಲ್ಲ, ಶಾಲೆಯಲ್ಲಿ ಕೆಲಸವಿದೆ ಎಂದು ಹೇಳಿ ಹೋಗಿಬಿಡುತ್ತಿದ್ದರು, ಭಾನುವಾರವಾದರೂ.

5. ಆಷಾಢದ ಒಂದು ಬೆಳಿಗ್ಗೆ ಘಟಕಕ್ಕೆ ಮೊದಲ ಬಾರಿ ಬಂದ ಹೆಂಗಸೊಬ್ಬರು ತಲೆಯ ಮೇಲಿನ ಸೆರಗನ್ನು ಮುಖದವರೆಗೆ ಎಳೆದುಕೊಂಡು ಕಂಬದ ಪಕ್ಕ ನಿಂತಿದ್ದರು. ಕಂಬದ ಈ ಕಡೆ ಗಿರಿಜಾಂಬಿಕಾ ಅವರೂ ಸೆರಗೆಳೆದುಕೊಂಡೇ ನಿಂತಿದ್ದರು. ಹೊಸಬರಿಗೆ ಪದ್ಧತಿ ಗೊತ್ತಿಲ್ಲವೆಂದು ತಿಳಿದು, ಕಂಬದ ಈಚೆಯಿಂದಲೇ ಹೇಳಿದರು: “ಚೀಲ ಕೂರಿಸ್ರಿ. ಚೀಲ ಕೂರಿಸಿದ್ರೆ ನಂಬರ್ ಬತ್ತದೆ.”

ಆಚೆ ಕಡೆಯವರು ಸೆರಗನ್ನು ಮೇಲೆತ್ತಿ ನೋಡಿದರು. ಅವರು ಗಂಗಲಕ್ಷ್ಮಿ.

“ಓ… ನೀವಾ? ಇಲ್ಲೂ ಕೂರಲ್ವಾ ನೀವು?”

“ನೀವ್ಯಾಕೆ ನಿಂತಿದ್ದೀರಿ?” ಎಂದರು ಗಿರಿಜಾಂಬಿಕಾ.

“ನಾನು ಕಣ್ಣು ತೋರ್ಸಕ್ಕೆ ಬಂದಿದ್ದೆ.”

“ನಾನೂ ಕಣ್ಣಿಗೇ.”

ಪಕ್ಕದಲ್ಲೇ ಇದ್ದ ಶ್ರೀ ಕಾಟಪ್ಪ, ಸಾರ್ವಜನಿಕರಿಗೆ ಸರಿಯಾದ ಮಾಹಿತಿ ನೀಡುವುದು ತಮ್ಮ ಕರ್ತವ್ಯವೆಂದು ಭಾವಿಸಿ, ಉಲ್ಲೇಖ (2)ರ ಹೇಳಿಕೆಯನ್ನು ಗಟ್ಟಿಯಾಗಿ ನೀಡಿದರು: “ಕಣ್ಣಿಂದು ಎದ್ರು ಬಿಲ್ಡಿಂಗು ಕಣ್ರವ್ವ. ಇದು ಕುಂಡಿದು.”

ಗಂಗಲಕ್ಷ್ಮಿಯವರು ಗಿರಿಜಾಂಬಿಕಾ ಅವರ ಮುಖ ನೋಡಿದರು. ಗಿರಿಜಾಂಬಿಕಾ ಅವರು ಕುರ್ಚಿಯ ಮೇಲೆ ಕೂತಿದ್ದ ತಮ್ಮ ಚೀಲ ನೋಡಿದರು. ಆಮೇಲೆ ಉಲ್ಲೇಖ (3)ರ ನಗು ಹೊರಟಿತು. ನಕ್ಕರೆ ನೋವು, ನೋವಾದರೆ “ಅಯ್ಯಪ್ಪಾ”, ಅದನ್ನು ಕೇಳಿ ಮತ್ತೆ ನಗು. ಇಬ್ಬರೂ ಒಂದೇ ಕಂಬವನ್ನು ಎರಡು ಕಡೆಯಿಂದ ತಬ್ಬಿಕೊಂಡು ನಿಂತರು. ಗೋಡೆಗೆ ಒರಗಿದ್ದವರೆಲ್ಲ ಒಬ್ಬೊಬ್ಬರಾಗಿ ನಗಲು ಶುರುಮಾಡಿ, ಒಬ್ಬೊಬ್ಬರಾಗಿ “ಅಯ್ಯಪ್ಪಾ” ಎಂದರು. ನರ್ಸ್ ವನಜಾ ಓಡಿ ಬಂದರು.

ನಗು ನಿಂತ ಮೇಲೆ ಗಿರಿಜಾಂಬಿಕಾ ಅವರು ಕಣ್ಣೊರೆಸಿಕೊಂಡು ಹೇಳಿದ್ದನ್ನು ವನಜಾ ಅವರು ಕೇಳಿಸಿಕೊಂಡಿರುತ್ತಾರೆ: “ನಿಮ್ಮನೇಲಿ ಆ ಸೋಫಾ ನೋಡಿ ಎಷ್ಟು ಆಸೆ ಆಯ್ತು ಗೊತ್ತಾ? ಕೂತ್ಬುಡೋಣ, ಏನಾರ ಆಗ್ಲಿ ಅಂತಿದ್ದೆ. ಕೂತ್ರೆ ಎಲ್ರ ಮುಂದೆ ಕಿರಿಚ್ಕಂಬುಡ್ತೀನಿ ಅಂತ ಹೆದ್ರಿಕೆ ಆಯ್ತು.”

“ನಾನು ದೊಡ್ಡಸ್ತಿಕೆ ಅನ್ಕಂಡೆ” ಎಂದರು ಗಂಗಲಕ್ಷ್ಮಿ. “ನನ್ ಮಗ್ಳು ಈಗ್ಲೂ ಯಾರ್ನೂ ಒಪ್ತಿಲ್ಲ.”

“ನನ್ ಮಗ್ನೂ ಅಷ್ಟೇಯ.”

6. ಸದರಿ ನಗುವಿನಿಂದ ನಿರೀಕ್ಷಣಾ ಕೊಠಡಿಯಲ್ಲಿದ್ದವರಿಗೆ ಉಂಟಾದ ನೋವನ್ನು ಸಂಶೋಧನಾ ನಿಯಮಗಳಂತೆ ‘ಅನಿರೀಕ್ಷಿತ ಅಡ್ಡಪರಿಣಾಮ’ ಎಂದು ನೈತಿಕ ಸಮಿತಿಗೆ ವರದಿ ಮಾಡಲಾಗಿದೆ. ನಗುವಿಗೆ ಕಾರಣ ಚಿಕಿತ್ಸೆಯೇ ಎಂದು ಸಮಿತಿಯು ಪ್ರಶ್ನಿಸಿತ್ತು. ಅಲ್ಲ, ಕಾಟಪ್ಪ ಎಂದು ಉತ್ತರಿಸಲಾಗಿದೆ.

7. ಅದೇ ದಿನ ಗಂಗಲಕ್ಷ್ಮಿಯವರೂ ಸಂಶೋಧನೆಗೆ ಸೇರಿದರು. ಕಂಪ್ಯೂಟರು ಅವರಿಗೆ ಶಸ್ತ್ರಚಿಕಿತ್ಸೆ ಎಂದಿತು. ಅವರು ಒಪ್ಪಲಿಲ್ಲ.

“ಆಯಮ್ಮಂಗೆ ದಾರ, ನಂಗೆ ಕತ್ತೀನಾ? ಅವ್ರು ಗಂಡಿನ ಕಡೆಯೋರು ಅಂತ ನಿಮ್ ಕಂಪ್ಯೂಟರ್‌ಗೂ ಗೊತ್ತಾಗೋಯ್ತಾ?”

ಡಾ. ಜ್ಞಾನೇಶ್ ಅವರು ಕುರ್ಚಿ ಬಿಟ್ಟೆದ್ದು, ಅವರೆದುರು ತಾವೂ ನಿಂತುಕೊಂಡು ಹೇಳಿದರು: “ಎರಡ್ರಲ್ಲಿ ಯಾವ್ದು ಮೇಲು ಅಂತ ನಂಗೆ ಗೊತ್ತಿಲ್ಲಮ್ಮ. ಗೊತ್ತಿದ್ದಿದ್ರೆ ಈ ಸಂಶೋಧನೆನೇ ಬೇಕಿರ್ಲಿಲ್ಲ. ಎಲ್ರೂ ಅವ್ರವ್ರಿಗೆ ಬೇಕಾದ್ದನ್ನೇ ಆರಿಸ್ಕೊಂಡ್ರೆ ಯಾವತ್ತೂ ಗೊತ್ತಾಗಲ್ಲ. ನಿಮ್ಗೆ ಬೇಡ ಅನ್ಸಿದ್ರೆ ಈಗ್ಲೇ ಹೊರಗೆ ಬರ್ಬೋದು. ಆಗ್ಲೂ ಚಿಕಿತ್ಸೆ ಕೊಡ್ತೀವಿ, ಬೇಜಾರಿಲ್ಲ.”

ಗಂಗಲಕ್ಷ್ಮಿಯವರು ಅವರನ್ನು ಮೇಲಿಂದ ಕೆಳಗೆ ನೋಡಿದರು. ತಾವು ಇದಕ್ಕೂ ಮುಂಚೆ ತೋರಿಸಿಕೊಂಡಿದ್ದ ಮೂವರೂ, ಮುಲಾಮು ಕೊಟ್ಟವರು, ಸೂಜಿ ಚುಚ್ಚಿದವರು, ಮಂತ್ರಿಸಿದವರು, ಇದರಿಂದಲೇ ಖಂಡಿತ ವಾಸಿಯಾಗುತ್ತದೆ ಎಂದಿದ್ದರು.

“ಗೊತ್ತಿಲ್ಲ ಅಂತ ಬಾಯ್ಬಿಟ್ಟು ಹೇಳಿದೋನು ನೀನೇ ಮೊದ್ಲು ಕಣಪ್ಪ” ಎಂದರು. “ಕೊಯ್ಯಿ.”

8. ಮುರಿದ ಸಂಬಂಧ ಮತ್ತೆ ಕೂಡಬೇಕಾದರೆ ಇಬ್ಬರೂ ಮನೆಯಲ್ಲಿ ಕಾರಣ ಹೇಳಬೇಕಿತ್ತು. ಗಂಗಲಕ್ಷ್ಮಿಯವರು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹೇಳಿಬಿಟ್ಟರು. ಗಿರಿಜಾಂಬಿಕಾ ಅವರು ಒಂದು ಮಧ್ಯಾಹ್ನ ಗಂಡನಿಗೆ ಮುದ್ದೆ ಬಡಿಸಿ, ಕಟ್ಟೆಯ ಪಕ್ಕ ನಿಂತು, “ಕಣ್ಣಲ್ಲ ಕಣ್ರೀ” ಎಂದು ಶುರುಮಾಡಿದರು. ಪೂರ್ತಿ ಹೇಳುವವರೆಗೂ ತಲೆ ಎತ್ತಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದರು, ಇಲ್ಲವೇ ಅಸಹ್ಯಪಡುತ್ತಾರೆ ಎಂದು.

ಶಂಭುಲಿಂಗಯ್ಯನವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟರು. “ಮೂರ್ ವರ್ಷ ನೀನು ನಿಂತ್ಕಂಡ್ ಉಣ್ತಿದ್ರೆ ನಾನು ಕೂತ್ಕಂಡ್ ಉಂಡ್ನಲ್ಲೇ” ಎಂದರು. ಆಮೇಲೆ ತಟ್ಟೆ ಎತ್ತಿಕೊಂಡು ಎದ್ದು ಬಂದು, ಕಟ್ಟೆಯ ಮೇಲೆ ಹೆಂಡತಿಯ ತಟ್ಟೆಯ ಪಕ್ಕದಲ್ಲಿ ಇಟ್ಟು, ನಿಂತುಕೊಂಡು ಉಂಡರು.

ಮುಂದಿನ ವಾರ ಅವರೂ ಘಟಕಕ್ಕೆ ಬಂದು ಗೋಡೆ ಪಕ್ಕ ನಿಂತರು. “ನಿಮ್ಗೇನಾಗೈತೆ ಸಾ, ನೀವಾದ್ರೂ ಕೂತ್ಕಳಿ” ಎಂದು ಶ್ರೀ ಕಾಟಪ್ಪ ಬೇಡಿಕೊಂಡರು. “ನಮ್ಮನೆಯವ್ರು ನಿಂತವ್ರೆ” ಎಂದಷ್ಟೇ ಶಂಭುಲಿಂಗಯ್ಯನವರು ಹೇಳಿದರು. ಆ ದಿನ ಶ್ರೀ ಕಾಟಪ್ಪ ಯಾರಿಗೂ ಮತ್ತೆ ‘ಕೂತ್ಕಳಿ’ ಎನ್ನಲಿಲ್ಲ. ತಮ್ಮ ಸ್ಟೂಲನ್ನೂ ಮೂಲೆಗೆ ಸರಿಸಿಟ್ಟು ಸಂಜೆಯವರೆಗೆ ನಿಂತೇ ಇದ್ದರು. ಮಾರನೆಯ ದಿನ ಕಾಲು ಊದಿ ರಜೆ ಹಾಕಿರುತ್ತಾರೆ. ಸದರಿ ರಜೆಯನ್ನು ಮಂಜೂರು ಮಾಡಲಾಗಿದೆ.

9. ಮೇಲ್ಕಂಡ ಎಲ್ಲವನ್ನೂ ಪರಿಶೀಲಿಸಿ, ಉಲ್ಲೇಖ (1)ರ ನಿಯಮವನ್ನು ಈ ಘಟಕದ ಮಟ್ಟಿಗೆ ಕೈಬಿಟ್ಟು, ಕೆಳಕಂಡಂತೆ ಕಟ್ಟಪ್ಪಣೆ ಮಾಡಲಾಗಿದೆ:

(ಅ) ‘ಕೂತ್ಕೊಳ್ಳಿ’, ‘ಕೂತ್ಕಳಿ’, ‘ಕುಂತ್ಕಳ್ರಿ’ ಎಂಬ ಪದಗಳನ್ನು ಆವರಣದಲ್ಲಿ ಯಾರೂ ಬಳಸಕೂಡದು. ಬಾಯಿ ಮುಚ್ಚಿಕೊಂಡು ಕೈಯಲ್ಲಿ ಕುರ್ಚಿ ತೋರಿಸುವುದೂ ಬಳಕೆಯೆಂದೇ ಪರಿಗಣಿತ.

(ಆ) ಚೀಲವು ತನ್ನ ಒಡೆಯರ ಪರವಾಗಿ ಕೂರಬಹುದು. ಎರಡು ಚೀಲ ತಂದವರಿಗೆ ಎರಡು ಸರದಿ ಇಲ್ಲ. ಚೀಲ ತರದವರು ಟವೆಲ್ಲು ಕೂರಿಸಬಹುದು. ಚಪ್ಪಲಿ ಕೂರಿಸುವಂತಿಲ್ಲ.

(ಇ) ತೆಂಗಿನಕಾಯಿ ತುಂಬಿದ ಚೀಲವನ್ನು ಬಾಯಿ ಕಟ್ಟಿ ಕೂರಿಸತಕ್ಕದ್ದು. ಕಾಯಿ ಉರುಳಿ ಬೇರೆ ಕುರ್ಚಿಯ ಕೆಳಗೆ ನಿಂತರೆ ಆ ಕುರ್ಚಿಯ ಸರದಿ ಕಾಯಿಯದಾಗುವುದಿಲ್ಲ. ಈ ಬಗ್ಗೆ ಈಗಾಗಲೇ ಒಂದು ಜಗಳ ನಡೆದಿರುತ್ತದೆ.

(ಈ) ನರ್ಸ್ ವನಜಾ ಅವರು ರೋಗಿಗಳ ಮನೆಗೆ ಫೋನ್ ಮಾಡಿದಾಗ ರೋಗಿಯೊಡನೆ ಮಾತ್ರ ವಿಷಯ ಮಾತಾಡತಕ್ಕದ್ದು. ಬೇರೆಯವರು ಫೋನ್ ಎತ್ತಿ ಯಾರೆಂದು ಕೇಳಿದರೆ ‘ವನಜಾ’ ಎನ್ನತಕ್ಕದ್ದು. ಯಾವ ವನಜಾ ಎಂದರೆ ‘ಅವರಿಗೆ ಗೊತ್ತು’ ಎನ್ನತಕ್ಕದ್ದು. ಇದರಿಂದ ಗಂಡಸು ರೋಗಿಗಳ ಮನೆಗಳಲ್ಲಿ ಉಂಟಾಗುವ ಪರಿಸ್ಥಿತಿಗೆ ಘಟಕವು ಜವಾಬ್ದಾರಿಯಲ್ಲ.

(ಉ) ಕೊನೆಯ ತಪಾಸಣೆ ಮಾಡುವ ವೈದ್ಯರಿಗೆ ಯಾರಿಗೆ ಯಾವ ಚಿಕಿತ್ಸೆ ಆಗಿದೆಯೆಂದು ತಿಳಿಯಬಾರದು. ತಿಳಿದರೆ ಅವರ ಅಭಿಪ್ರಾಯ ಒಂದು ಕಡೆಗೆ ವಾಲಬಹುದು. ಆದ್ದರಿಂದ ಅವರ ಮುಂದೆ ಯಾರೂ ‘ದಾರ’ ಎನ್ನಕೂಡದು; ಹೂವಿನ ದಾರ, ಗಾಳಿಪಟದ ದಾರ ಸಹ. ‘ದಾರಿಯಲ್ಲಿ ಬಸ್ಸು ಕೆಟ್ಟಿತು’ ಎನ್ನುವವರು ‘ರಿ’ ಅಕ್ಷರವನ್ನು ಸ್ಪಷ್ಟವಾಗಿ ಉಚ್ಚರಿಸತಕ್ಕದ್ದು.

(ಊ) ನಗು ಬಂದವರು ಕಂಬದ ಬಳಿಗೆ ಹೋಗತಕ್ಕದ್ದು. ಕಂಬ ಒಂದೇ ಇರುವುದರಿಂದ ಏಕಕಾಲಕ್ಕೆ ಇಬ್ಬರಿಗಿಂತ ಹೆಚ್ಚು ಜನ ನಗುವಂತಿಲ್ಲ.

(ಋ) ಹೆಂಡತಿಯ ಜೊತೆ ಬಂದು ನಿಲ್ಲುವ ಗಂಡಂದಿರಿಗೆ ಯಾವ ಅನುಮತಿಯೂ ಬೇಕಿಲ್ಲ. ಬಾರದ ಗಂಡಂದಿರಿಂದ ವಿವರಣೆ ಕೇಳುವ ಅಧಿಕಾರ ಘಟಕಕ್ಕೆ ಇದೆಯೇ ಎಂದು ಕಾನೂನು ಸಲಹೆ ಕೇಳಲಾಗಿದೆ.

10. ಸದ್ಯದ ಸ್ಥಿತಿ: ಗಿರಿಜಾಂಬಿಕಾ ಅವರ ದಾರ ತನ್ನ ಕೆಲಸ ಮುಗಿಸಿ ದಸರಾ ಹೊತ್ತಿಗೆ ತಾನಾಗಿ ಬಿದ್ದುಹೋಯಿತು, ಗಾಯ ಮಾದಿದೆ. ಗಂಗಲಕ್ಷ್ಮಿಯವರ ಗಾಯವೂ ಮಾದಿತ್ತು, ಆದರೆ ಈಚೆಗೆ ಒಂದು ಕಡೆ ಸ್ವಲ್ಪ ಕೀವು ಕಂಡಿದ್ದು, ಮತ್ತೆ ನೋಡಬೇಕೆಂದು ಡಾ. ಜ್ಞಾನೇಶ್ ಹೇಳಿದ್ದಾರೆ. ಗಂಗಲಕ್ಷ್ಮಿಯವರು ಅಂದು ಸ್ವಲ್ಪ ಅತ್ತರು. ಗಿರಿಜಾಂಬಿಕಾ ಅವರು ತಮಗೆ ಏನೂ ತೊಂದರೆಯಿಲ್ಲದಿದ್ದರೂ ಪ್ರತಿಸಲ ಅವರ ಜೊತೆ ಬರುತ್ತಿದ್ದಾರೆ. ಇದನ್ನು ಕಂಡು ದಾರವೇ ಮೇಲೆಂದು ಸಿಬ್ಬಂದಿ ಯಾರೂ ಹೇಳಿಕೊಂಡು ತಿರುಗಕೂಡದು. ಇಬ್ಬರು ಬೀಗಿತ್ತಿಯರಿಂದ ಸಂಶೋಧನೆಯ ತೀರ್ಮಾನ ಹೊರಡುವುದಿಲ್ಲ. ಇನ್ನೂ ಬಹಳ ಜನ ಬರಬೇಕು, ಮತ್ತು ಕೊನೆಯವರೆಗೂ ಬರುತ್ತಿರಬೇಕು.

ಭುವನ್ ಮತ್ತು ಮಧುಶ್ರೀ ಅವರ ನಿಶ್ಚಿತಾರ್ಥ ಕಾರ್ತೀಕದಲ್ಲಿ ದಂಡಿನಶಿವರದಲ್ಲಿ ಆಗಿದೆ. ಮದುವೆ ಮುಂದಿನ ತಿಂಗಳು.

11. ರೋಗಿಗಳ ಹೆಸರನ್ನು ಬಹಿರಂಗಪಡಿಸುವುದು ಈ ಘಟಕದ ಪದ್ಧತಿಯಲ್ಲ. ಸುತ್ತೋಲೆಯ ಕರಡಿನಲ್ಲಿ ‘ಒಬ್ಬ ಮಹಿಳೆ’, ‘ಇನ್ನೊಬ್ಬ ಮಹಿಳೆ’ ಎಂದೇ ಬರೆಯಲಾಗಿತ್ತು. ಓದಿ ಒಪ್ಪಿಗೆ ಕೊಡಲು ಕರೆಸಿದಾಗ ಗಿರಿಜಾಂಬಿಕಾ ಅವರು ಕರಡನ್ನು ಮೇಜಿನ ಮೇಲೆ ಇಟ್ಟು, “ಮುಚ್ಚಿಟ್ಟೇ ಮೂರ್ ವರ್ಷ ಹಾಳಾಯ್ತು. ಹೆಸ್ರು ಹಾಕ್ರಿ. ನಾನೇನು ಕದ್ದಿದ್ದೀನಾ?” ಎಂದರು. ಗಂಗಲಕ್ಷ್ಮಿಯವರು, “ನಂದೂ ಹಾಕ್ರಿ. ಅವ್ರದಕ್ಕಿಂತ ಸಣ್ಣ ಅಕ್ಷರದಲ್ಲಿ ಮಾತ್ರ ಬ್ಯಾಡ” ಎಂದರು. ಅದರಂತೆ ಇಬ್ಬರ ಲಿಖಿತ ಒಪ್ಪಿಗೆ ಪಡೆದು, ಒಂದೇ ಅಳತೆಯ ಅಕ್ಷರಗಳಲ್ಲಿ ಮುದ್ರಿಸಲಾಗಿದೆ.

ಈ ಸುತ್ತೋಲೆಯನ್ನು ನಿಂತೇ ಓದಬಹುದು.

ಸಹಿ/-
(ಕೃಷ್ಣಕುಮಾರ್)
ಆಡಳಿತಾಧಿಕಾರಿ

ಪ್ರತಿಗಳು:
1. ಡಾ. ಜ್ಞಾನೇಶ್ ಅವರಿಗೆ, ಹಂದನಕೆರೆ ಪ್ರವಾಸದ ವರದಿಯನ್ನು ತಿದ್ದುವ ಕೋರಿಕೆಯೊಂದಿಗೆ.
2. ನೈತಿಕ ಸಮಿತಿಗೆ, ಕಲಂ 6 ಕುರಿತು. ಮತ್ತೆ ಪ್ರಶ್ನೆ ಕಳಿಸಬಾರದೆಂಬ ವಿನಂತಿಯೊಂದಿಗೆ.
3. ಎದುರು ಕಟ್ಟಡದ ಕಣ್ಣಿನ ವಿಭಾಗಕ್ಕೆ, ಮಾಹಿತಿಗಾಗಿ.
4. ಶ್ರೀ ಕಾಟಪ್ಪ ಅವರಿಗೆ, ಸ್ಟೂಲನ್ನು ಮೂಲೆಯಿಂದ ಈಚೆಗೆ ತೆಗೆದುಕೊಳ್ಳುವ ಅನುಮತಿಯೊಂದಿಗೆ.
5. ಕಚೇರಿ ಕಡತಕ್ಕೆ.
6. ಶ್ರೀಮತಿ ಗಿರಿಜಾಂಬಿಕಾ ಮತ್ತು ಶ್ರೀಮತಿ ಗಂಗಲಕ್ಷ್ಮಿ ಅವರಿಗೆ, ಮಕ್ಕಳ ಮದುವೆಗೆ ಬರುವವರ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಒಂದೊಂದು ಪ್ರತಿ ಇಡಲು, ಅವರು ಕೇಳಿದಷ್ಟು.